ನಲ್ಲಿಯೊಳಗಿನ ಕಂದು ಉಂಗುರ

ಹೋದ ವರ್ಷ ನಾನು ಮನೆಯಲ್ಲಿ ಮಾಡಿದ ಮೂರು ಬ್ಯಾಚ್ ಬಿಯರ್ ಒಂದರ ಹಿಂದೆ ಒಂದು ಕೆಟ್ಟವು. ಜೊತೆಗೆ ಬಿಯರ್ ಮಾಡುವ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಪ್ಲಾಸ್ಟಿಕ್ ಸಾಮಾನೆಲ್ಲ ಎಸೆದು ಹೊಸದು ತಗೋ. ಲೆಕ್ಕ ಹಾಕಿದೆ, ಹತ್ತಿರಹತ್ತಿರ 120 ಡಾಲರ್. ನಾನು ಎಸೆಯಲಿಲ್ಲ. ಬಾಟಲಿಗೆ ತುಂಬಲು ಬಳಸುವ, ನಲ್ಲಿ ಇರುವ ಅದೇ ಬಕೆಟ್ಟಿನಿಂದ ಆಮೇಲೆ ತುಂಬಿದ ಐದು ಬ್ಯಾಚೂ ಚೆನ್ನಾಗಿ ಬಂದಿವೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಗ್ಯಾರೇಜಿನಲ್ಲಿ ಒಂದು ಸಲಕ್ಕೆ 5 ಗ್ಯಾಲನ್ ಮಾಡುತ್ತೇನೆ.

ಮೊದಲು ಕೆಟ್ಟಿದ್ದು ಪೇಲ್ ಏಲ್ ಅನ್ನೋ ತಿಳಿಬಣ್ಣದ ಬಿಯರ್. ಬಾಟಲಿಗೆ ತುಂಬುವಾಗ ಗ್ರಾವಿಟಿ (ನೀರಿಗೆ ಹೋಲಿಸಿದರೆ ಬಿಯರಿನ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತದೆ) 1.012 ಇತ್ತು. ಎರಡು ವಾರಕ್ಕೆ ಕುಡಿದಾಗ ಬೊಂಬಾಟಾಗಿತ್ತು. ಆರನೇ ವಾರ ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ನೆಲಕ್ಕೆ ಹೋಯಿತು. ಉಳಿದದ್ದರ ಗ್ಯಾಸ್ ತೆಗೆದು ಅಳೆದರೆ 1.005. ನಾಲಿಗೆಗೆ ನೀರು ನೀರು, ಮೂಗಿಗೆ ಲವಂಗದ ವಾಸನೆ. ಹುಳಿ ಮಾತ್ರ ಇಲ್ಲ. ಹುಳಿ ಇದ್ದಿದ್ದರೆ ಬ್ಯಾಕ್ಟೀರಿಯಾ ಅಂದುಕೊಳ್ಳುತ್ತಿದ್ದೆ. ಏಲ್ ಯೀಸ್ಟ್ ತಿನ್ನದೆ ಬಿಟ್ಟ, ಪಿಷ್ಟದ ತುಂಡಿನಂಥ ಡೆಕ್ಸ್‌ಟ್ರಿನ್ ಅನ್ನು ಬೇರೆ ಯಾವುದೋ ಯೀಸ್ಟ್ ತಿನ್ನುತ್ತಿದೆ ಅನ್ನಿಸಿತು. ಅದಕ್ಕೂ ಮುಂಚೆ ಅದೇ ಬಕೆಟ್ಟಿನಿಂದ ಸೈಸಾನ್ ಅನ್ನೋ ಬೆಲ್ಜಿಯಂ ಕಡೆಯ ಬಿಯರ್ ತುಂಬಿದ್ದೆ. ಸೈಸಾನ್ ಯೀಸ್ಟುಗಳಲ್ಲಿ ಎಷ್ಟೋ ಡಯಾಸ್ಟಾಟಿಕಸ್ ಜಾತಿಯವು, ಬೇರೆ ಯೀಸ್ಟ್ ಬಿಟ್ಟದ್ದನ್ನೂ ಒಡೆದು ತಿನ್ನುವಂಥವು.

ಎರಡನೇದು ಸ್ಟೌಟ್, ಅಂದರೆ ಕಪ್ಪು ಬಿಯರ್. ಅದರಲ್ಲಿ ಒಂದು ಬಾಟಲಿ ರಾತ್ರಿ ಸಿಡಿಯಿತು. ಬೆಳಗ್ಗೆ ನೋಡಿದರೆ ಗೋಡೆಯ ಬೋರ್ಡಿಗೆ ಗಾಜಿನ ಚೂರು ನೆಟ್ಟಿತ್ತು. ಆಗ ನಿಜಕ್ಕೂ ಹೆದರಿದೆ, ಮಕ್ಕಳು ಓಡಾಡುವ ಜಾಗ ಅದು. ಉಳಿದವನ್ನೆಲ್ಲ ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಂಡು ಫ್ರಿಜ್ಜಿಗೆ ಸೇರಿಸಿದೆ. ಎರಡು ದಿನ ಬಿಟ್ಟು ಒಂದೊಂದರ ಮುಚ್ಚಳವನ್ನೂ ಚೂರೇ ಚೂರು ಎತ್ತಿ, ಗ್ಯಾಸ್ ಬಿಟ್ಟು, ಹೊಸ ಮುಚ್ಚಳ ಒತ್ತಿದೆ. ನಲವತ್ತು ಚಿಲ್ಲರೆಯಲ್ಲಿ ಮೂವತ್ತರಷ್ಟು ಉಳಿದವು. ಮೂರನೇ ಬ್ಯಾಚ್ ಪೂರ್ತಿ ಮೋರಿಗೆ. ಮಾಲ್ಟ್, ಹಾಪ್ಸ್, ಯೀಸ್ಟ್ ಸೇರಿ ಬ್ಯಾಚಿಗೆ 45 ಡಾಲರ್ ಬೀಳುತ್ತದೆ, ನನ್ನ ಭಾನುವಾರಗಳು ಬೇರೆ.

ಸ್ಯಾನಿಟೈಸರ್ ಪ್ರಮಾಣ ಎರಡರಷ್ಟು ಮಾಡಿದೆ, ಇನ್ನೊಂದು ಸಲ ಬರೀ ಬ್ಲೀಚಿನಲ್ಲಿ ತೊಳೆದೆ. ಉಪಯೋಗವಾಗಲಿಲ್ಲ. ಬಿಯರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎಳೆಯುವ ಸೈಫನ್ ಕೊಳವೆಯನ್ನು ಕುದಿಯುವ ನೀರಿಗೆ ಹಾಕಿದೆ, ಅದು ಸೊಟ್ಟಗಾಗಿ ಬಿರುಕು ಬಿಟ್ಟಿತು. 15 ಡಾಲರ್ ಹೋಯಿತು, ಹೊಸದು ತಂದೆ.

ಕಳ್ಳ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಮನೆಯೆಲ್ಲ ತೊಳೆದು ಏನು ಪ್ರಯೋಜನ? ಐದು ಜಾಮ್ ಬಾಟಲಿ ತಗೊಂಡು ಒಂದೊಂದಕ್ಕೂ ಅರ್ಧ ಲೋಟ ತಿಳಿ ವರ್ಟ್ (ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸ) ಹಾಕಿ ಕುಕ್ಕರಿನಲ್ಲಿ 15 ನಿಮಿಷ ಬೇಯಿಸಿದೆ. ತಣ್ಣಗಾದ ಮೇಲೆ, ಯಾವಾಗಿನಂತೆ ತೊಳೆದು ಸ್ಯಾನಿಟೈಸ್ ಮಾಡಿದ ಸಾಮಾನು ಒಂದೊಂದಕ್ಕೆ ಒಂದೊಂದು: ನಲ್ಲಿಯ ರಬ್ಬರ್ ವಾಷರ್, ನಲ್ಲಿಯೊಳಗೆ ಹಾಯಿಸಿದ ವರ್ಟ್, ಟ್ಯೂಬಿನ ತುಂಡು, ಹೊಸ ಸೈಫನ್ನಿನೊಳಗೆ ಹಾಯಿಸಿದ ವರ್ಟ್. ಐದನೇದಕ್ಕೆ ಏನೂ ಇಲ್ಲ. ಮುಚ್ಚಳ ಸಡಿಲವಾಗಿಯೇ ಇರಬೇಕು, ಬಿಗಿ ಮಾಡಿದರೆ ಇದೂ ಸಿಡಿಯುತ್ತದೆ.

ಮೂರನೇ ದಿನಕ್ಕೆ ನಲ್ಲಿಯ ಬಾಟಲಿ ಕದಡಿತು, ಅಂಚಿನಲ್ಲಿ ನೊರೆಯ ಗೆರೆ. ವಾಷರಿನದು ಮಾರನೇ ದಿನ. ಟ್ಯೂಬಿನದು ವಾರದ ಹೊತ್ತಿಗೆ ಸ್ವಲ್ಪ ಮಬ್ಬಾಯಿತು. ಉಳಿದೆರಡು ಹತ್ತು ದಿನವಾದರೂ ತಿಳಿಯಾಗೇ ಇದ್ದವು.

ನಲ್ಲಿಯನ್ನು ಅಷ್ಟು ವರ್ಷ ಬಿಚ್ಚಬಹುದು ಅಂತಲೇ ನನಗೆ ಹೊಳೆದಿರಲಿಲ್ಲ. ಬಿಸಿನೀರಲ್ಲಿ ನೆನೆಸಿ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ತಿರುಗುವ ಕೊಳವೆ ಟಕ್ಕಂತ ಹೊರಗೆ ಬಂತು. ಅದರ ಸುತ್ತ ಕಂದು ಉಂಗುರ, ಮುಟ್ಟಿದರೆ ಲೋಳೆ, ಮೂಸಿದರೆ ಅದೇ ಲವಂಗ. ಇಂಥ ಕೊಳೆ ಕೂತಿದ್ದರೆ ಸ್ಯಾನಿಟೈಸರ್ ಅದರ ಮೇಲೆ ಹರಿದು ಹೋಗುತ್ತೆ ಅಷ್ಟೆ, ಒಳಗೆ ಇಳಿಯುವುದಿಲ್ಲ.

ಬ್ರಷ್ಷಿನಲ್ಲಿ ಉಜ್ಜಿ, ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಕ್ಲೀನರಿಗೆ ಅಡುಗೆಮನೆಯ ಇನ್ನೊಂದು ಪುಡಿ ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಬಿಡಿ ಭಾಗಗಳನ್ನು ಇಡ್ಲಿ ಪಾತ್ರೆಯಲ್ಲಿಟ್ಟು 20 ನಿಮಿಷ ಹಬೆ ಕೊಟ್ಟೆ. “ನಾಳೆ ಇದರಲ್ಲೇ ಇಡ್ಲಿ ಬೇಯಿಸಬೇಕೇನ್ರೀ?” ಅಂತ ನಮ್ಮನೆಯವಳು ಕೇಳಿದಳು. ನ್ಯಾಯವೇ. ಬಿಯರಿಗೆ ಅಂತ ಬೇರೆ ಪಾತ್ರೆ ತಂದೆ, 30 ಡಾಲರ್ ಇರಬೇಕು. ಎಲ್ಲಾ ನಲ್ಲಿಯೂ ಹಬೆ ತಡೆಯುವುದಿಲ್ಲ. ನನ್ನ ಹತ್ತಿರವಿದ್ದ ಹಳೇದೊಂದು ಬಾಗಿಹೋಯಿತು. ವಾಷರ್ ಮತ್ತು ಟ್ಯೂಬ್ ಮಾತ್ರ ಹೊಸದು ಹಾಕಿದೆ, ಎರಡೂ ಸೇರಿ ಆರೇಳು ಡಾಲರ್.

“ಪ್ಲಾಸ್ಟಿಕ್ಕಿನ ಗೀರಿನಲ್ಲಿ ಕೂತಿದ್ದು ಹಬೆಗೆಲ್ಲ ಹೋಗಲ್ಲ ಮಾರಾಯ” ಅಂದ ಒಬ್ಬ ಗೆಳೆಯ. ಮತ್ತೆ ಜಾಮ್ ಬಾಟಲಿ ಇಟ್ಟೆ. ಎರಡು ವಾರ, ಒಂದೂ ಕದಡಲಿಲ್ಲ.

ಚೆಲ್ಲುವ ಮುಂಚೆ ಹೀಗೆ ಇಟ್ಟು ನೋಡುವ ಚಟ ಈಗ ಹತ್ತಿಕೊಂಡಿದೆ. ಮೊಳಕೆ ರಾಗಿ ಹಾಕಿ ಮಾಡಿದ ಒಂದು ಗ್ಯಾಲನ್ ಬಿಯರಿನ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟಿತ್ತು. ಅದನ್ನು ಬಟ್ಟೆ ಕಟ್ಟಿ ಗಾಳಿಯಾಡಲು ಬಿಟ್ಟೆ. ನಾಲ್ಕು ತಿಂಗಳಿಗೆ ಒಳ್ಳೇ ವಿನೆಗರ್ ಆಯಿತು, ಈರುಳ್ಳಿ ನೆನೆಸಲು ಅದನ್ನೇ ಬಳಸುತ್ತೇವೆ. ಆದರೆ ಕಂಡ ಪದರವೆಲ್ಲ ಸೋಂಕಲ್ಲ. ಶುರುವಿನಲ್ಲಿ ಯೀಸ್ಟಿನ ಗಡ್ಡೆ ತೇಲುತ್ತಿದ್ದದ್ದನ್ನು ನೋಡಿ ಒಂದು ಬ್ಯಾಚ್ ಸುಮ್ನೆ ಚೆಲ್ಲಿದ್ದೆ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ನಾಲ್ಕು ತಿಂಗಳ ಸ್ಟೌಟ್ ತೆಗೆದೆ. ತುಂಬುವಾಗ 1.016, ಈಗಲೂ ಅಷ್ಟೇ. ಹಬೆಗೆ ಹೋಗಲ್ಲ ಅಂದಿದ್ದ ಗೆಳೆಯ ಎರಡು ಬಾಟಲಿ ಕುಡಿದ. ಹೋಗುವಾಗ ಅವನ ನಲ್ಲಿಯನ್ನು ಬಿಚ್ಚುವುದು ಹೇಗೆ ಅಂತ ಕೇಳಿಕೊಂಡು ಹೋದ.