ಅಡಿಕೆ ದೋಟಿಯಿಂದ ಕ್ಯಾರವಾನಿನ ನೆತ್ತಿ ತೊಳೆದದ್ದು

ಕ್ಯಾರವಾನಿನ ನೆತ್ತಿಯ ಅಂಚಿನ ಮೇಲೆ ಒಣ ಅಂಗೈಯನ್ನು ಒತ್ತಿ ಒಂದು ಮೊಳದಷ್ಟು ಎಳೆದು ನೋಡಿ. ಕೈಗೆ ಬಿಳಿ ಹಿಟ್ಟು ಅಂಟಿದರೆ ಫೈಬರ್ ಮೇಲಿನ ಹೊಳಪಿನ ಹೊರಪದರ, ಅಂದರೆ ಜೆಲ್‌ಕೋಟ್, ಬಿಸಿಲಿಗೆ ಬೆಂದು ಉದುರುತ್ತಿದೆ ಎಂದೇ ತಿಳಿಯಬೇಕು. ನಾಲ್ಕು ವರ್ಷಗಳ ಹಿಂದೆ ನನ್ನ ಗಾಡಿಯ ನೆತ್ತಿ ಸುಣ್ಣ ಬಳಿದ ಗೋಡೆಯ ಹಾಗೆ ಅಂಟುತ್ತಿತ್ತು. ಕಳೆದ ದೀಪಾವಳಿಯ ಹೊತ್ತಿಗೆ ಮನೆಗೆ ಬಂದಿದ್ದ ಇಬ್ಬರು ಗಾಡಿ ಮಾಲೀಕರು ತಾವೇ ಕೈ ಒತ್ತಿ ಎಳೆದು ನೋಡಿದರು. ಏನೂ ಅಂಟಲಿಲ್ಲ. ದೋಟಿ ಎಂದರೆ ತುದಿಗೆ ಕೊಕ್ಕೆಯಿರುವ ಉದ್ದನೆಯ ಕೋಲು; ಅದರಿಂದ ಅಡಿಕೆಯ ಕೊನೆ (ಗೊನೆ) ಇಳಿಸಬಹುದೇ ಹೊರತು ಗಾಡಿ ತೊಳೆಯಲಾಗದು ಎಂದು ಮೊದಲ ವರ್ಷ ವಾದಿಸಿದ್ದವರು ಇವರೇ. ಹೇಗೆ ಮಾಡಿದಿರಿ, ಬರೆದು ಕೊಡಿ ಎಂದು ಈಗ ಅವರೇ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಗಾಡಿ ಟೆಂಪೊ ಟ್ರಾವೆಲರ್‌ನ ಉದ್ದನೆಯ ಚಾಸಿಯ ಮೇಲೆ ಕಟ್ಟಿಸಿದ್ದು. ನೆಲದಿಂದ ನೆತ್ತಿಗೆ ಸುಮಾರು 10.5 ಅಡಿ, ಉದ್ದ 22 ಅಡಿ ಇರಬಹುದು. ನೆತ್ತಿಯ ಮೇಲೆ ಎಸಿ ಪೆಟ್ಟಿಗೆ, ಎರಡು ಸೋಲಾರ್ ಫಲಕ, ಗಾಳಿಕಿಂಡಿ, ಪಕ್ಕದಲ್ಲಿ ಮಡಚುವ ಮೇಲ್ಕಟ್ಟು, ಹಿಂಬದಿಯಲ್ಲಿ ಏಣಿ. ಪಕ್ಕದ ಗೋಡೆಗಳನ್ನು ಯಾರು ಬೇಕಾದರೂ ತೊಳೆದಾರು. ಕಷ್ಟವಿರುವುದು ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿದ ಹಣೆಯಲ್ಲಿ, ನೆತ್ತಿಯ ನಡುಭಾಗದಲ್ಲಿ, ಮೇಲ್ಕಟ್ಟಿನ ಹಳಿಯಲ್ಲಿ, ಏಣಿಯ ಬೆನ್ನಿನಲ್ಲಿ. ಅದರಲ್ಲೂ ಮಲೆನಾಡಿನ ಮಳೆಗಾಲ ಕಳೆದ ಗಾಡಿಯ ನೆತ್ತಿಯನ್ನು ಬಯಲುಸೀಮೆಯವರು ಒಮ್ಮೆ ನೋಡಬೇಕು. ಆಶ್ಲೇಷಾ ಮಳೆ ಮುಗಿಯುವಷ್ಟರಲ್ಲಿ ಅಲ್ಲಿ ಹಾವಸೆ ಹಸಿರು ಕಂಬಳಿ ಹಾಸಿರುತ್ತದೆ.

ಮೊದಲ ವರ್ಷ ದೂರದ ಊರಿನ ಒಂದು ಸರ್ವಿಸ್ ಸ್ಟೇಷನ್ನಿಗೆ ಕೊಟ್ಟೆ. ಹುಡುಗನೊಬ್ಬ ಬೂಟು ಹಾಕಿಕೊಂಡೇ ನೆತ್ತಿ ಹತ್ತಿ ಗಾಳಿಕಿಂಡಿಯ ಮುಚ್ಚಳದ ಮೇಲೆ ಕಾಲಿಟ್ಟ. ನೀರಿನ ಒತ್ತಡದ ಗನ್ನನ್ನು ಸಂದಿ ಮುಚ್ಚುವ ಸೀಲಂಟಿಗೆ ಒಂದು ಗೇಣಿನಷ್ಟು ಹತ್ತಿರ ಹಿಡಿದ. ಮನೆಗೆ ಬಂದ ಮೂರನೇ ದಿನ ಸುರಿದ ಮಳೆಗೆ ಹಾಸಿಗೆಯ ಕೆಳಗಿನ ಪ್ಲೈವುಡ್ ನೆನೆದು ಉಬ್ಬಿತು. ತೊಳೆಸಲು ಕೊಟ್ಟದ್ದು 1,800 ರೂಪಾಯಿ. ಪ್ಲೈವುಡ್, ಮುಚ್ಚಳ, ಸೀಲಂಟ್ ಎಲ್ಲ ಸರಿಮಾಡಿಸಲು 18,000ದ ಹತ್ತಿರ ಹೋಯಿತು. ಬೆಂಗಳೂರಿನಲ್ಲಿ ವಿಚಾರಿಸಿದೆ, ಪೂರ್ತಿ ಪಾಲಿಶ್ ಮಾಡಿ ಮೇಲೊಂದು ಲೇಪ ಕೊಡಲು 22,000 ಕೇಳಿದರು. ಅಲ್ಲೂ ಜನ ಮೇಲೆ ಹತ್ತಿಯೇ ಕೆಲಸ ಮಾಡುವುದೆಂದು ತಿಳಿದು ಕೈಬಿಟ್ಟೆ.

ಎರಡನೆಯ ಪ್ರಯತ್ನ ಅಲ್ಯೂಮಿನಿಯಂ ಏಣಿ. 7,500 ಕೊಟ್ಟು ತಂದೆ. ಗೋಡೆಗೆ ಒರಗಿಸಿದ ಕಡೆಯಲ್ಲೆಲ್ಲ ಫೈಬರ್ ಒಳಗೆ ಅದುಮಿಕೊಳ್ಳುತ್ತಿತ್ತು. ಹಳೆಯ ಟ್ಯೂಬು ಸುತ್ತಿದರೆ ರಬ್ಬರಿನ ಕಪ್ಪು ಗುರುತು ಉಳಿಯಿತು. ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಪೈಪು ಹಿಡಿದು ಏಣಿಯ ಮೇಲೆ ನಿಂತಾಗ ಅಂಗಳದ ನೊರೆಯಲ್ಲಿ ಏಣಿಯ ಕಾಲು ಜಾರಿತು. ಕೆಳಗಿದ್ದ ತಮ್ಮ ಹಿಡಿದುಕೊಂಡದ್ದರಿಂದ ಮೊಣಕೈ ತರಚಿದ್ದಷ್ಟೇ. ನಮ್ಮಲ್ಲಿ ಮರದಿಂದ ಬಿದ್ದು ನಡು ಕಳೆದುಕೊಂಡವರ ಮನೆಗಳು ಇವೆ; ಆ ಮನೆಗಳ ಪಾಡು ನನಗೆ ಗೊತ್ತಿದೆ. ತೊಳೆಯುವುದಕ್ಕೋಸ್ಕರ ಇನ್ನು ಮೇಲೆ ಹತ್ತುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಮುಂದೆ ಮಾಡಿದ್ದೆಲ್ಲ ಆ ಒಂದು ನಿಶ್ಚಯದ ಸುತ್ತಲೇ.

ಆ ಏಣಿಯ ಪ್ರಸಂಗವನ್ನು ನೋಡಿದ ನಮ್ಮ ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ), "ಭಟ್ಟರೇ, ಅರವತ್ತು ಅಡಿ ಮರಕ್ಕೇ ಈಗ ನಾನು ಹತ್ತುವುದಿಲ್ಲ, ದೋಟಿ ಇದೆ. ಹತ್ತಡಿ ಗಾಡಿಗೆ ನೀವು ಯಾಕೆ ಹತ್ತುತ್ತೀರಿ?" ಎಂದ. ಅವನ ಮಾತು ನಾಟಿತು.

ದೋಟಿಯನ್ನು ಇದ್ದ ಹಾಗೆ ಬಳಸಿದರೆ ಕೆಲಸ ಕೆಡುತ್ತದೆ. ನಾನು ಮೊದಲು ಹಳೆಯ ಅಲ್ಯೂಮಿನಿಯಂ ದೋಟಿಯ ಮೂರು ತುಂಡು ಜೋಡಿಸಿದೆ. ಅದು ಬಳುಕಿತು, ಬ್ರಷ್ ಗೋಡೆಗೆ ತಾಗಿದ್ದಕ್ಕಿಂತ ಗಾಳಿಯಲ್ಲಿ ಆಡಿದ್ದೇ ಹೆಚ್ಚು. ಗೆಳೆಯರು ಅನುಮಾನಪಟ್ಟದ್ದೂ ಇದನ್ನು ಕಂಡೇ. ಅಳತೆ ಕಡಿಮೆ ಮಾಡುತ್ತ ಬಂದು ಕೊನೆಗೆ 8 ಅಡಿಗೆ ನಿಂತೆ. ಎರಡನೇ ವರ್ಷದಿಂದ ಲೋಹವನ್ನು ಪೂರ್ತಿ ಬಿಟ್ಟು ಗಟ್ಟಿ ಬಿದಿರಿಗೆ ಬಂದೆ. ಅದಕ್ಕೆ ಕಾರಣವಿದೆ. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ತೋಟದಲ್ಲಿ ತಂತಿಗೆ ದೋಟಿ ತಾಗಿ ಸತ್ತವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಒದ್ದೆಯಾದರೆ ಬಿದಿರನ್ನೂ ನಂಬುವಂತಿಲ್ಲ. ಗಾಡಿ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ. ಮನೆಗೆ ಬರುವ ಸರ್ವಿಸ್ ತಂತಿ ಹತ್ತಿರವಿದ್ದರೆ ಆ ಜಾಗವೇ ಬೇಡ.

ತುದಿಯ ಕೊಕ್ಕೆ ತೆಗೆದು ಅಲ್ಲಿ ನೆಲ ಒರೆಸುವ ಚಪ್ಪಟೆ ಮಾಪಿನ ತಲೆಯನ್ನು ಕೂರಿಸಿದೆ. ಅದು ನೇರವಾಗಿದ್ದರೆ ಅಂಚಿಗೆ ಮಾತ್ರ ತಾಗುತ್ತದೆ. ಕತ್ತಿಯ ಹಾಗೆ ಒಳಕ್ಕೆ ಬಾಗಿಸಿದರೆ ಅಂಚು ದಾಟಿ ಒಂದೂವರೆ ಅಡಿ ಒಳಗಿನವರೆಗೂ ಒರಗಿ ಕೂರುತ್ತದೆ. ಬಾಗಿಸುವ ಲೆಕ್ಕ ಗಾಡಿಯ ಎತ್ತರಕ್ಕೂ ನಿಮ್ಮ ಎತ್ತರಕ್ಕೂ ತಕ್ಕಂತೆ ಬದಲಾಗುತ್ತದೆ. ನನಗೆ ಆರು ಸಲ ಕೆಟ್ಟು ಏಳನೆಯದು ಸರಿಬಂತು. ಲೋಹದ ಮೊಳೆ, ಸ್ಕ್ರೂಗಳ ತಲೆ ಎಲ್ಲೂ ಹೊರಗೆ ಕಾಣಬಾರದು. ಮೊದಲ ತಲೆಯ ಒಂದು ಸ್ಕ್ರೂ ಹಣೆಯ ಮೇಲೆ ಎಳೆದ ಗೀರು ಇಂದಿಗೂ ಇದೆ.

ನೀರಿಗೆ ನಾನು ಬಳಸುವುದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಔಷಧಿ, ಹೊಡೆಯುವ ಎಚ್‌ಟಿಪಿ ಎಂಬ ಒತ್ತಡದ ಪಂಪು. ಕಾರು ತೊಳೆಯುವ ಯಂತ್ರಗಳ ನೀರಿನ ಒತ್ತಡ 100 ಬಾರ್ ದಾಟುತ್ತದೆ. ಈ ಪಂಪನ್ನು 20ರ ಆಸುಪಾಸಿಗೆ ಇಳಿಸಿಟ್ಟುಕೊಳ್ಳಬಹುದು. ಸೀಲಂಟು, ರಬ್ಬರ್ ಬೀಡಿಂಗುಗಳಿಗೆ ಅಷ್ಟು ಸಾಕು. ಆದರೆ ಇಲ್ಲೇ ನನ್ನ ದೊಡ್ಡ ತಪ್ಪು ನಡೆದದ್ದು. ಔಷಧಿ ಹೊಡೆದ ಪೈಪನ್ನು ಎರಡು ಬಕೆಟ್ ನೀರಿನಲ್ಲಿ ತೊಳೆದು ಹಾಗೆಯೇ ಗಾಡಿಗೆ ತಿರುಗಿಸಿದೆ. ಒಣಗಿದ ಮೇಲೆ ಬಿಳಿ ಗೋಡೆಯ ತುಂಬ ತಿಳಿನೀಲಿ ಗೆರೆಗಳು. ಗೆರೆಗಳು ಹೋದವು, ಮೇಲ್ಕಟ್ಟಿನ ಅಲ್ಯೂಮಿನಿಯಂ ಹಳಿಯಲ್ಲಿ ಮಾತ್ರ ಅಲ್ಲಲ್ಲಿ ಸಣ್ಣ ಕುಳಿ ಬಿದ್ದಿತು. ಮೈಲುತುತ್ತಕ್ಕೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ ಎಂಬುದು ತೋಟದವನಾದ ನನಗೆ ಮೊದಲೇ ಹೊಳೆಯಬೇಕಿತ್ತು. ಈಗ ಗಾಡಿಗೆಂದೇ ಬೇರೆ ಪೈಪು, ಬೇರೆ ಗನ್ ಇದೆ, 2,000 ಚಿಲ್ಲರೆ ಬಿತ್ತು. ಪಂಪನ್ನು ಕಾಲು ಗಂಟೆ ಬರೀ ನೀರಿನಲ್ಲಿ ಓಡಿಸಿದ ಮೇಲೆಯೇ ಆ ಪೈಪು ಜೋಡಿಸುವುದು.

ತೊಳೆಯುವ ಕ್ರಮವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹಣೆಯ ಬಗ್ಗೆ ಮಾತ್ರ ಒಂದು ಮಾತು. ರಾತ್ರಿ ಓಡಿದ ಗಾಡಿಯ ಹಣೆಗೆ ಹುಳಗಳು ಬಡಿದು ಒಣಗಿರುತ್ತವೆ. ಉಜ್ಜಿದರೆ ಅವುಗಳ ರೆಕ್ಕೆ, ಚಿಪ್ಪುಗಳೇ ಗೀರುತ್ತವೆ. ಹಳೆಯ ಹತ್ತಿ ಪಂಚೆಯನ್ನು ನೀರಿನಲ್ಲಿ ಅದ್ದಿ, ದೋಟಿಯಿಂದ ಎತ್ತಿ ಹಣೆಗೆ ಹೊದಿಸಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಪಂಚೆ ಎಳೆದುಕೊಳ್ಳುವಾಗಲೇ ಮುಕ್ಕಾಲು ಪಾಲು ಹುಳ ಅದರೊಂದಿಗೆ ಬರುತ್ತದೆ. ಹಾವಸೆಗೆ ಬ್ಲೀಚಿಂಗ್ ಪುಡಿ ಬೇಡವೇ ಬೇಡ, ರಬ್ಬರ್ ಬಿರಿಯುತ್ತದೆ. ನೆನೆಸಿದ ಅಡಿಕೆ ಹಾಳೆಯ ತುಂಡನ್ನು ಮಾಪಿನ ತಲೆಗೆ ಸಿಕ್ಕಿಸಿ ಕೆರೆದರೆ ಹಾವಸೆ ಸುರುಳಿ ಸುರುಳಿಯಾಗಿ ಏಳುತ್ತದೆ, ಗೀರು ಬೀಳುವುದಿಲ್ಲ. ಈ ಹಾಳೆಯ ಉಪಾಯ ನನ್ನದೇ. ಬೇರೆಲ್ಲೂ ನಾನು ಕಂಡಿಲ್ಲ.

ನಡುವೆ ಕೆಲವು ಪ್ರಯೋಗಗಳಿಗೂ ಕೈಹಾಕಿದೆ. ಅಂಟುವಾಳ ಕಾಯಿಯನ್ನು ರಾತ್ರಿ ನೆನೆಸಿ ಕಿವುಚಿದ ನೊರೆ ಧೂಳಿಗೆ ಚೆನ್ನಾಗಿಯೇ ಆಯಿತು. ಪಾತ್ರೆ ಸೋಪಿನ ಹಾಗೆ ವ್ಯಾಕ್ಸನ್ನು ಕಿತ್ತುಹಾಕಲೂ ಇಲ್ಲ. ಆದರೆ ಹೊಗೆಕೊಳವೆಯ ಬಳಿಯ ಡೀಸೆಲ್ ಮಸಿ ಅದಕ್ಕೆ ಬಗ್ಗಲಿಲ್ಲ. ಸೋಸುವುದರಲ್ಲಿ ಸ್ವಲ್ಪ ಆಲಸ್ಯ ಮಾಡಿದ್ದಕ್ಕೆ ಸಿಪ್ಪೆ ಸಿಕ್ಕಿ ನಾಜಲ್ ಕಟ್ಟಿತು. ವಿಜಯಪುರದ ಕಡೆ ಹೋದಾಗ ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಗಾಜಿನ ಮೇಲೆಲ್ಲ ಬಿಳಿ ಚುಕ್ಕೆ ಕೂತಿದ್ದವು. ಹುಣಸೆ ನೀರು ಹಚ್ಚಿದೆ. ಗಾಜಿನ ಚುಕ್ಕೆ ನಿಜಕ್ಕೂ ಕರಗಿತು. ಬೀಡಿಂಗಿನ ಸಂದಿಯಲ್ಲಿ ಉಳಿದ ರಸಕ್ಕೆ ಮರುದಿನ ಇರುವೆ ಸಾಲು ಹಿಡಿಯಿತು. ಈಗ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಕೂಡಲೇ ತೊಳೆಯುತ್ತೇನೆ. ಬಸ್ಸಿನವರ ಹಾಗೆ ಡೀಸೆಲ್ ಒರೆಸಿ ಹೊಳಪು ತರುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಎರಡು ದಿನ ಮಿಂಚುತ್ತದೆ, ಮೂರನೇ ದಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ, ರಬ್ಬರ್ ಉಬ್ಬಿ ಸಡಿಲವಾಗುತ್ತದೆ. ರಬ್ಬರಿಗೆ ನಾನು ಗ್ಲಿಸರಿನ್ ಹಚ್ಚುತ್ತೇನೆ. ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಬಾಟಲಿ ವರ್ಷಕ್ಕೆ ಸಾಕು.

ಇನ್ನು ವ್ಯಾಕ್ಸ್. ಹಿಟ್ಟು ಉದುರುವ ಜೆಲ್‌ಕೋಟಿನ ಮೇಲೆ ನೇರವಾಗಿ ವ್ಯಾಕ್ಸ್ ಹಚ್ಚಿದರೆ ತಿಂಗಳೂ ನಿಲ್ಲುವುದಿಲ್ಲ. ಮೊದಲು ಕಾಂಪೌಂಡ್ ಎಂಬ ಉಜ್ಜುವ ಪೇಸ್ಟ್ ಹಾಕಿ ಉಜ್ಜಲೇಬೇಕು. ನೆಲದಲ್ಲೇ ನಿಂತು ಉಜ್ಜುವ ಹಟದಿಂದ ಪಾಲಿಶಿಂಗ್ ಯಂತ್ರವನ್ನು ದೋಟಿಯ ತುದಿಗೆ ಕಟ್ಟಿದೆ. ಯಂತ್ರ ತಿರುಗಿದ್ದೇ ತಡ, ದೋಟಿ ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಬಿತ್ತು. 3,500ರ ಯಂತ್ರ ಹಾಳಾಯಿತು. ಯಾರ ತಲೆಯ ಮೇಲೂ ಬೀಳಲಿಲ್ಲ ಎಂಬುದೇ ಸಮಾಧಾನ. ಇದನ್ನು ಯಾರೂ ಮಾಡಬೇಡಿ.

ಇದಕ್ಕೆ ದಾರಿ ಮನೆಯ ಮುಂದೆಯೇ ಇತ್ತು, ನಾನು ಎರಡು ವರ್ಷ ಕಂಡಿರಲಿಲ್ಲ. ಮಲೆನಾಡಿನ ಮನೆಗಳಿಗೆ ಹಿಂದೆಯೋ ಪಕ್ಕದಲ್ಲೋ ಒಂದು ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ದಿಬ್ಬ, ಇದ್ದೇ ಇರುತ್ತದೆ. ನಮ್ಮಲ್ಲಿ ಅಂಗಳದ ಒಂದು ಬದಿಗೆ ಜಂಬಿಟ್ಟಿಗೆ ಕಟ್ಟಿದ ಏಳು ಅಡಿಯ ಧರೆ. ಗಾಡಿಯನ್ನು ಅದಕ್ಕೆ ಒಂದು ಗೇಣು ಬಿಟ್ಟು ಸಮಾನಾಂತರವಾಗಿ ತಂದು ನಿಲ್ಲಿಸಿದರೆ, ಧರೆಯ ಮೇಲೆ ನಿಂತವನ ಸೊಂಟದ ಮಟ್ಟಕ್ಕೆ ನೆತ್ತಿ ಬರುತ್ತದೆ. ಹೊಸ ಯಂತ್ರವನ್ನು ಕೈಯಲ್ಲೇ ಹಿಡಿದು ನೆತ್ತಿಯ ಅರ್ಧವನ್ನು ಉಜ್ಜಬಹುದು. ಆಮೇಲೆ ಗಾಡಿ ತಿರುಗಿಸಿ ನಿಲ್ಲಿಸಿ ಉಳಿದರ್ಧ. ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಸಂದಿಗೆ ಹಲಗೆ ಹಾಸಿರಬೇಕು, ಧರೆಯ ಅಂಚು ಗಟ್ಟಿ ಕಟ್ಟಿದ್ದಾಗಿರಬೇಕು. ಮಣ್ಣಿನ ಧರೆಯಾದರೆ ಬೇಡ. ಮಳೆಗಾಲದಲ್ಲಂತೂ ಯಾವ ಧರೆಯೂ ಬೇಡ. ನೀರು ಮತ್ತು ಯಂತ್ರ ಒಂದೇ ದಿನ ಹೊರಗೆ ಬರಬಾರದು. ಮೊದಲ ದಿನ ತೊಳೆದು, ಮರುದಿನ ಉಜ್ಜುತ್ತೇನೆ.

ವ್ಯಾಕ್ಸ್ ನೆತ್ತಿಗೆ ಡಬ್ಬಿಯದು, ಹಣೆಗೆ ಮತ್ತು ಮೇಲಂಚುಗಳಿಗೆ ದ್ರವರೂಪದ್ದು. ಡಬ್ಬಿಯ ವ್ಯಾಕ್ಸನ್ನು ದೋಟಿಯಲ್ಲಿ ಹಚ್ಚಲು ಹೋದರೆ ಮುದ್ದೆ ಮುದ್ದೆಯಾಗಿ ನಿಲ್ಲುತ್ತದೆ. ಒಣಗಿದ ಮೇಲೆ ದೋಟಿಯಿಂದ ಒರೆಸಿ ತೆಗೆಯುವಷ್ಟು ಬಲ ಸಿಗುವುದಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಧರೆಯ ನೆರಳನ್ನು ದಾಟುವ ಮೊದಲು, ಒಂದು ಸಲಕ್ಕೆ ಎರಡು ಅಡಿ ಚೌಕದಷ್ಟು ಹಚ್ಚುತ್ತೇನೆ. ನೆತ್ತಿಯಲ್ಲಿ ರಿಪೇರಿಗೆಂದು ಕಾಲಿಡುವ ಪಟ್ಟಿ ಇರುತ್ತದಲ್ಲ, ಅದಕ್ಕೆ ವ್ಯಾಕ್ಸ್ ಸೋಕಿಸಲೇಬಾರದು. ಒಂದು ದಿನ ಮೆಕ್ಯಾನಿಕ್ ಅಲ್ಲಿ ಕಾಲಿಡುತ್ತಾನೆ, ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಸೋಲಾರ್ ಫಲಕಕ್ಕೆ ಬೆಳಗಿನ ತಂಪಿನಲ್ಲಿ ಬರೀ ನೀರು. ಅಕ್ರಿಲಿಕ್ ಕಿಟಕಿಗೆ ಥಿನ್ನರ್, ಪೆಟ್ರೋಲ್ ಮುಟ್ಟಿಸಿದರೆ ಜೇಡರ ಬಲೆಯಂತೆ ಬಿರುಕು ಹಿಡಿಯುತ್ತದೆ. ಸೀಲಂಟಿನಲ್ಲಿ ಸೀಳು ಕಂಡರೆ ಅದನ್ನು ಮೊದಲು ತುಂಬಿಸಿ. ವ್ಯಾಕ್ಸ್ ಹಚ್ಚಿದ ಜಾಗಕ್ಕೆ ಹೊಸ ಸೀಲಂಟ್ ಹಿಡಿಯುವುದಿಲ್ಲ.

ಮೇಲ್ಕಟ್ಟಿನ ಹಳಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಮೇಲ್ಕಟ್ಟು ಬಿಚ್ಚಿದಾಗ ಹಳಿಯ ಒಂದು ತುದಿಯಿಂದ ನೈಲಾನ್ ದಾರ ತೂರಿಸಿ, ನಡುವೆ ಒದ್ದೆ ಬಟ್ಟೆಯ ಗಂಟು ಹಾಕಿ, ಇಬ್ಬರು ಎರಡು ಕಡೆಯಿಂದ ಗರಗಸದ ಹಾಗೆ ಎಳೆದಾಡುತ್ತೇವೆ. ಕೊನೆಯ ಎಳೆತಕ್ಕೆ ಗಂಟಿಗೆ ಸ್ವಲ್ಪ ವ್ಯಾಕ್ಸ್. ಹೀಗೆ ಮಾಡಿದ ವರ್ಷ ಮೇಲ್ಕಟ್ಟು ಬೆಣ್ಣೆಯಂತೆ ಜಾರಿತು.

ಖರ್ಚನ್ನು ನೆನಪಿನಿಂದಲೇ ಹೇಳುತ್ತೇನೆ. ಏಣಿ ಮತ್ತು ಬಿದ್ದು ಹಾಳಾದ ಯಂತ್ರ ಸೇರಿ 11,000 ನೀರಿಗೆ ಹೋಯಿತು. ಉಪಯೋಗಕ್ಕೆ ಬಂದದ್ದರಲ್ಲಿ ಬಿದಿರು ತೋಟದ್ದೇ. ಮಾಪಿನ ತಲೆ, ಮೈಕ್ರೋಫೈಬರ್ ಬಟ್ಟೆಗಳು ಸೇರಿ ಸಾವಿರದ ಒಳಗೆ. ಪೈಪು, ಗನ್ 2,000. ಎರಡನೇ ಯಂತ್ರ 4,000ಕ್ಕೆ ಸ್ವಲ್ಪ ಕಡಿಮೆ. ಕಾಂಪೌಂಡು, ವ್ಯಾಕ್ಸುಗಳಿಗೆ ವರ್ಷಕ್ಕೆ 1,500 ಬೀಳುತ್ತದೆ. ವರ್ಷಕ್ಕೆ ಎರಡು ಸಲ ಮಾಡುತ್ತೇನೆ: ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ಪೂರ್ತಿಯಾಗಿ, ರೋಹಿಣಿ ಮಳೆಗೆ ಮುಂಚೆ ಬರೀ ವ್ಯಾಕ್ಸ್. ತಮ್ಮ ಜೊತೆಗಿದ್ದರೆ ಎರಡು ದಿನದ ಕೆಲಸ.

ಕಡೆಯಲ್ಲಿ ಒರೆಸುವ ನೀರಿಗೆ ನಾನೊಂದು ವಸ್ತು ಬೆರೆಸುತ್ತೇನೆ. ನೆತ್ತಿಯಿಂದ ಗೋಡೆಗೆ ಇಳಿಯುವ ಕಪ್ಪು ಗೆರೆಗಳು ಅದರಿಂದ ಮೂರು ತಿಂಗಳು ತಡವಾಗಿ ಬರುತ್ತವೆ. ಅದೇನೆಂದು ಈಗ ಬರೆಯುವುದಿಲ್ಲ. ಇನ್ನೊಂದು ಮಳೆಗಾಲ ಕಳೆದು, ಬಣ್ಣಕ್ಕೆ ಏನೂ ಆಗಿಲ್ಲವೆಂದು ಖಾತ್ರಿಯಾಗಲಿ. ದೋಟಿಯ ತಲೆಯನ್ನು ಬಾಗಿಸುವ ಲೆಕ್ಕವನ್ನೂ ಬರಹದಲ್ಲಿ ಕೊಡಲಾಗದು. ಸಾಗರದ ಕಡೆ ಬಂದವರಿಗೆ ಕೈಯಲ್ಲೇ ಕೊಟ್ಟು ತೋರಿಸುತ್ತೇನೆ.

ಇನ್ನೂ ಕೈಗೆ ಸಿಗದಿರುವುದು ಒಂದೇ ಜಾಗ, ಎಸಿ ಪೆಟ್ಟಿಗೆಗೂ ಸೋಲಾರ್ ಫಲಕಕ್ಕೂ ನಡುವಿನ ಮೂರು ಬೆರಳಿನ ಸಂದಿ. ತರಗೆಲೆ ಅಲ್ಲೇ ಕೊಳೆಯುತ್ತದೆ, ಹಾವಸೆ ಅಲ್ಲಿಂದಲೇ ಶುರುವಾಗುತ್ತದೆ. ಈ ವಾರ ವಾಟೆ ಬಿದಿರನ್ನು ಸೀಳಿ ತೆಳ್ಳಗೆ ಹೆರೆದು, ತುದಿಗೆ ಬಾಟಲಿ ತೊಳೆಯುವ ಬ್ರಷ್ ಕಟ್ಟಿಟ್ಟಿದ್ದೇನೆ. ಭಾನುವಾರ ಗಾಡಿಯನ್ನು ಧರೆಗೆ ತರಬೇಕು.