ಕ್ವಾಡ್‌ನ ಮುಂದಿನ ಶಾಕ್: ಹೊಸದು ತರಿಸುವ ಮೊದಲು ಟೇಪು ಹಿಡಿಯಿರಿ

ಮಂಡ್ಯದಲ್ಲಿ ನನ್ನದೊಂದು ಲೇತ್ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೈಲರಿನ ಹೈಡ್ರಾಲಿಕ್ ಜಾಕ್‌ಗೆ ಸೀಲು ಹಾಕುವುದು, ಸವೆದ ಪಿನ್ನು ತಿರುವುವುದು, ಕಬ್ಬು ಕಟಾವಿನ ತಿಂಗಳುಗಳಲ್ಲಿ ರಾತ್ರಿ ಹತ್ತರವರೆಗೂ ವೆಲ್ಡಿಂಗು. ಶಾಕ್ ಅಬ್ಸಾರ್ಬರ್ ಕೂಡ ಒಂದು ಹೈಡ್ರಾಲಿಕ್ ಸಿಲಿಂಡರೇ. ರಾಡು, ಪಿಸ್ಟನ್, ಎಣ್ಣೆ, ಸೀಲು ಎಲ್ಲ ಅದರಲ್ಲೂ ಇದೆ. ಅದಕ್ಕೇ ನಮ್ಮಣ್ಣನ ಮಗ ತನ್ನ ಕ್ವಾಡನ್ನು, ಅಂದರೆ ಬೈಕಿನಂತೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿಯನ್ನು, ಟಾಟಾ ಏಸ್‌ಗೆ ಹತ್ತಿಸಿಕೊಂಡು ನೇರ ನನ್ನ ಅಂಗಡಿಗೇ ಬಂದ.

ಅವನದು ಹೋಂಡಾ ಟಿಆರ್‌ಎಕ್ಸ್ 400ಇಎಕ್ಸ್. 1999ರಲ್ಲಿ ಮೊದಲು ಬಂದ ಮಾದರಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ರಸ್ತೆಗೆ ಬಿಡುವ ಗಾಡಿಯಲ್ಲ, ಬಸರಾಳಿನ ಕಡೆ ಇರುವ ನಮ್ಮ ಹೊಲದಲ್ಲೇ ಓಡಿಸುತ್ತಾನೆ. ಕೆಮ್ಮಣ್ಣು, ಬದು, ಟ್ರ್ಯಾಕ್ಟರ್ ಚಕ್ರ ಕೊರೆದ ಜಾಡು.

"ಚಿಕ್ಕಪ್ಪ, ಮುಂದ್ಗಡೆ ಶಾಕ್ ಎರಡೂ ಹೋಗವೆ. ಬದು ಹಾರುದ್ರೆ ದಡ್ ಅಂತ ಬಡೀತದೆ. ಹೊಸ ಜೊತೆ ತರುಸ್ಬುಡ್ಲಾ?"

"ಎಷ್ಟು ಕೂರ್ತದೆ ಅಂತ ಅಳ್ದಿದ್ದೀಯಾ?"

ಅಳೆದಿರಲಿಲ್ಲ. ಶಾಕ್ ಸರಿಯಿಲ್ಲ ಎಂದು ನನ್ನ ಹತ್ತಿರ ಬಂದವರಲ್ಲಿ ಅಳೆದು ಬಂದವರು ಇದುವರೆಗೆ ಒಬ್ಬರೂ ಇಲ್ಲ. ಈ ಬರಹ ಅವರಿಗಾಗಿಯೇ.

ಶಾಕ್ ಮುಟ್ಟುವ ಮೊದಲು ಟೈರಿನ ಗಾಳಿ ನೋಡಿ. ಸ್ಪೋರ್ಟ್ ಕ್ವಾಡ್‌ನ ಬಲೂನಿನಂಥ ಟೈರಿಗೆ ಬೇಕಾದ ಗಾಳಿ 4 ಪಿಎಸ್‌ಐ ಆಸುಪಾಸು, ನಿಮ್ಮ ಗಾಡಿಗೆ ಎಷ್ಟು ಎನ್ನುವುದು ಅದರ ಮೇಲಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಪಂಕ್ಚರ್ ಅಂಗಡಿಯ ಗೇಜಿನಲ್ಲಿ 4 ಎನ್ನುವುದು ಮುಳ್ಳು ಅಲುಗಾಡಿದಷ್ಟೇ, ಓದಲು ಆಗುವುದಿಲ್ಲ. 0ಯಿಂದ 10ರವರೆಗೆ ತೋರಿಸುವ ಲೋ ಪ್ರೆಷರ್ ಗೇಜ್ ಒಂದನ್ನು ಕೊಂಡಿಡಿ. ನಮ್ಮ ಹುಡುಗನ ಗಾಡಿಯಲ್ಲಿ ಎಡಕ್ಕೆ 4, ಬಲಕ್ಕೆ 9 ಇತ್ತು. ಹ್ಯಾಂಡಲ್ ಒಂದೇ ಕಡೆಗೆ ಒದೆಯುತ್ತದೆ ಎಂದು ಅವನು ಹೇಳುತ್ತಿದ್ದುದರಲ್ಲಿ ಅರ್ಧ ಅಲ್ಲೇ ತೀರಿತು. ಆಮೇಲೆ ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದರೆ ಬಾಲ್ ಜಾಯಿಂಟು ಅಥವಾ ಎ-ಆರ್ಮ್ (ಚಕ್ರವನ್ನು ಫ್ರೇಮಿಗೆ ಜೋಡಿಸುವ ತೋಳು) ಬುಷ್ ಸವೆದಿದೆ. ಅದನ್ನು ಬಿಟ್ಟು ಎಷ್ಟು ಬೆಲೆಯ ಶಾಕ್ ಹಾಕಿದರೂ ಗಾಡಿ ನೆಟ್ಟಗೆ ಓಡುವುದಿಲ್ಲ.

ಇನ್ನು ಅಳತೆ. ನೆಲ ಸಮತಟ್ಟಾಗಿರಬೇಕು. ಮುಂದಿನ ಎರಡೂ ಚಕ್ರ ಪೂರ್ತಿ ಇಳಿಬಿದ್ದು, ಟೈರು ನೆಲವನ್ನು ಸುಮ್ಮನೆ ಸೋಕುವಷ್ಟು ಎತ್ತರಕ್ಕೆ ಜಾಕ್ ಕೊಡಿ. ಫ್ರೇಮಿನ ಮುಂತುದಿಯಲ್ಲಿ ಚಾಕ್‌ಪೀಸಿನಿಂದ ಒಂದು ಗುರುತು ಮಾಡಿ, ನೆಲದಿಂದ ಅಲ್ಲಿಗೆ ಎಷ್ಟು ಎಂದು ಬರೆದುಕೊಳ್ಳಿ. ಜಾಕ್ ಇಳಿಸಿ, ಓಡಿಸುವವರೇ ಹೆಲ್ಮೆಟ್ಟು ಬೂಟಿನ ಸಮೇತ ಮೇಲೆ ಕೂರಲಿ. ಬಂಪರ್ ಒತ್ತಿ ನಿಧಾನಕ್ಕೆ ಬಿಟ್ಟು ಒಂದು ಅಳತೆ, ಎತ್ತಿ ನಿಧಾನಕ್ಕೆ ಬಿಟ್ಟು ಇನ್ನೊಂದು ಅಳತೆ. ಬುಷ್‌ಗಳ ಬಿಗಿಯಿಂದ ಎರಡೂ ಒಂದೇ ಬರುವುದಿಲ್ಲ, ನಡುವಿನದನ್ನು ಹಿಡಿಯಿರಿ. ಮೊದಲ ಅಳತೆಯಿಂದ ಇದನ್ನು ಕಳೆದರೆ ಸಿಗುವುದೇ ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಗಾಡಿ ಎಷ್ಟು ಕೂರುತ್ತದೆ ಎನ್ನುವುದು.

400ಇಎಕ್ಸ್‌ನ ಮುಂದಿನ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರ, ಟ್ರಾವೆಲ್ ಎನ್ನುತ್ತಾರಲ್ಲ ಅದು, 8.5 ಇಂಚು, ಅಂದರೆ 216 ಮಿ.ಮೀ. ಅದರಲ್ಲಿ ಮೂರನೇ ಒಂದು ಭಾಗ, ಸುಮಾರು 72 ಮಿ.ಮೀ. ಕೂತರೆ ಸರಿ. ಅಷ್ಟು ಕೂತಿದ್ದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿಯಲೂ ಜಾಗ ಇರುತ್ತದೆ, ಬದು ಬಂದಾಗ ಮೇಲೇರಲೂ ಜಾಗ ಇರುತ್ತದೆ. ನಮ್ಮ ಹುಡುಗನ ತೂಕ 92 ಕೆ.ಜಿ. ಇಳಿಬಿಟ್ಟಾಗ 372, ಅವನು ಕೂತಾಗ 262. ಸ್ಯಾಗ್ 110. ಹಾರುವ ಮೊದಲೇ ಅರ್ಧ ಟ್ರಾವೆಲ್ ಮುಗಿದಿತ್ತು. ದಡ್ ಎನ್ನದೆ ಇನ್ನೇನು ಮಾಡೀತು?

ಈ ಗಾಡಿಯ ಮೂಲ ಶಾಕ್‌ನಲ್ಲಿ ತಿರುಗಿಸಲು ಇರುವುದು ಪ್ರೀಲೋಡ್ ಒಂದೇ, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿರಬೇಕು ಎನ್ನುವುದು. ಅದಕ್ಕಿರುವುದು ಐದು ಮೆಟ್ಟಿಲಿನ ರಿಂಗು. ಸಿ-ಸ್ಪ್ಯಾನರ್ ಹಾಕಿ ಎರಡೂ ಕಡೆ ಒಂದೇ ಮೆಟ್ಟಿಲಿಗೆ ತಿರುಗಿಸಬೇಕು. ತಿರುಗಿಸುವ ಮೊದಲು ಗಾಡಿ ಎತ್ತಿ ಸ್ಪ್ರಿಂಗಿನ ಭಾರ ಇಳಿಸಿ, ಬ್ರಷ್‌ನಲ್ಲಿ ಮಣ್ಣು ತೆಗೆಯಿರಿ. ಇಲ್ಲದಿದ್ದರೆ ಸ್ಪ್ಯಾನರ್ ಜಾರಿ ಕೈಗೆಣ್ಣು ಎ-ಆರ್ಮ್‌ಗೆ ಬಡಿಯುತ್ತದೆ.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ, ಸ್ವಲ್ಪ ನಿಂತು ಓದಿ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಗಾಡಿಯ ಮೂತಿ ಎತ್ತರಕ್ಕೆ ಬರುತ್ತದೆ, ಅಷ್ಟೇ. ಸ್ಪ್ರಿಂಗಿನ ಗಡಸು ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಲೆಕ್ಕದಲ್ಲಿದೆ, ರಿಂಗು ತಿರುಗಿಸಿದರೆ ಅದು ಬದಲಾಗದು. ಶಾಕ್ ಇರುವುದು ಎ-ಆರ್ಮ್‌ನ ನಡುವೆಲ್ಲೋ, ಚಕ್ರ ಇರುವುದು ತುದಿಯಲ್ಲಿ. ಏತದ ಕೋಲಿನ ಲೆಕ್ಕವೇ ಇದು. ಚಕ್ರ 50 ಮಿ.ಮೀ. ಎದ್ದಾಗ ಶಾಕ್ ರಾಡು ಸುಮಾರು 25 ಮಿ.ಮೀ. ಒಳಗೆ ಹೋಗುವ ಗಾಡಿಯಲ್ಲಿ ಪ್ರೀಲೋಡನ್ನು 10 ಮಿ.ಮೀ. ಬಿಗಿ ಮಾಡಿದರೆ ಮೂತಿ 20 ಮಿ.ಮೀ. ಏಳುತ್ತದೆ. ಆದರೆ ಅದೇ ಗಾಡಿಯಲ್ಲಿ ಸ್ಪ್ರಿಂಗಿನ ಗಡಸು ಚಕ್ರಕ್ಕೆ ಮುಟ್ಟುವ ಹೊತ್ತಿಗೆ ನಾಲ್ಕನೇ ಒಂದಕ್ಕೆ ಇಳಿದಿರುತ್ತದೆ, ಏಕೆಂದರೆ ಆ ಅರ್ಧವನ್ನು ಎರಡು ಸಲ ಗುಣಿಸಬೇಕು. ಎರಡಿಂಚು ಹೆಚ್ಚು ಉದ್ದದ ಎ-ಆರ್ಮ್ ಹಾಕಿ ಗಾಡಿ ಅಗಲ ಮಾಡಿಸಿದವರು ಮುಂಭಾಗ ಮೆತ್ತಗಾಯಿತು ಎನ್ನುವುದೂ ಇದೇ ಕಾರಣಕ್ಕೆ. ಕೋಲು ಉದ್ದವಾಯಿತು, ಸ್ಪ್ರಿಂಗು ಹಳೆಯದೇ.

ಐದನೇ ಮೆಟ್ಟಿಲಿಗೆ ಹಾಕಿದ ಮೇಲೂ ನಮ್ಮ ಗಾಡಿಯ ಸ್ಯಾಗ್ 92ರಲ್ಲೇ ನಿಂತಿತು. ಆಗ ಖಾತ್ರಿಯಾಯಿತು, ಸ್ಪ್ರಿಂಗೇ ಈ ಮೈಭಾರಕ್ಕೆ ಸಾಲದು. 65 ಕೆ.ಜಿ. ಹುಡುಗ ಓಡಿಸುವುದಾದರೆ ಕೆಲಸ ಅಲ್ಲಿಗೇ ಮುಗಿಯಬಹುದಿತ್ತು, ಒಂದು ಪೈಸೆ ಖರ್ಚಿಲ್ಲದೆ.

ಸ್ಪ್ರಿಂಗ್ ಗಟ್ಟಿ ಮಾಡಲು ಒಂದೆರಡು ಸುತ್ತು ಕತ್ತರಿಸುವ ಚಾಳಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಹಿಂದೊಮ್ಮೆ ಬೇರೆ ಗ್ಯಾರೇಜಿನಲ್ಲಿ ಗ್ಯಾಸ್ ಕಟರ್‌ನಿಂದ ಕತ್ತರಿಸಿದ್ದ ಸ್ಪ್ರಿಂಗ್ ನನ್ನ ಹತ್ತಿರ ಬಂದಿತ್ತು. ಕಾದ ಜಾಗದಲ್ಲಿ ಉಕ್ಕಿನ ಹದ ಹೋಗಿ ಅಲ್ಲೇ ಬಿರಿದಿತ್ತು. ಓಡಿಸುತ್ತಿದ್ದವನಿಗೆ ಏನೂ ಆಗಿರಲಿಲ್ಲ, ಆದರೆ ಆ ಬಿರುಕು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಪ್ರಿಂಗ್ ಸುತ್ತಿಸುವುದಾದರೆ ಸರಿಯಾಗಿ ಸುತ್ತಿಸಿ. ಸ್ಪ್ರಿಂಗಿನ ಗಡಸು ಅದರ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಅಂದರೆ 9 ಮಿ.ಮೀ. ತಂತಿಯ ಬದಲು 9.5 ಹಾಕಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, 24% ಹೆಚ್ಚು ಗಟ್ಟಿ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್! ತಂತಿ ದಪ್ಪವಾದಾಗ ಇನ್ನೊಂದನ್ನೂ ನೋಡಬೇಕು. ಶಾಕ್ ಪೂರ್ತಿ ಒಳಗೆ ಹೋದಾಗ ಸುತ್ತಿಗೆ ಸುತ್ತು ತಾಗಬಾರದು. ಸುತ್ತುಗಳ ಲೆಕ್ಕವನ್ನು ತಂತಿಯ ದಪ್ಪದಿಂದ ಗುಣಿಸಿದರೆ ಒತ್ತಿ ಮುಗಿದ ಸ್ಪ್ರಿಂಗಿನ ಉದ್ದ ಸಿಗುತ್ತದೆ, ಶಾಕ್‌ನಲ್ಲಿ ಅದಕ್ಕಿಂತ ಹೆಚ್ಚು ಜಾಗ ಉಳಿದಿರಲೇಬೇಕು.

ಹುಡುಗನಿಗೆ ಬರೀ ಸ್ಪ್ರಿಂಗ್ ಸಾಕಾಗಲಿಲ್ಲ, ಕಂಪ್ರೆಷನ್, ರಿಬೌಂಡ್ ಎರಡನ್ನೂ ತಿರುಗಿಸುವಂಥ ಶಾಕ್ ಬೇಕಿತ್ತು. ಕಂಪ್ರೆಷನ್ ಎಂದರೆ ಶಾಕ್ ಒಳಗೆ ಹೋಗುವ ವೇಗಕ್ಕೆ ತಡೆ, ರಿಬೌಂಡ್ ಎಂದರೆ ವಾಪಸು ಬರುವ ವೇಗಕ್ಕೆ ತಡೆ. ಹೋಂಡಾದ್ದೇ ಇನ್ನೊಂದು ಕ್ವಾಡ್ ಟಿಆರ್‌ಎಕ್ಸ್ 450ಆರ್‌ನ ಶಾಕನ್ನು 400ಇಎಕ್ಸ್‌ಗೆ ಹಾಕುವುದು ಈ ಗಾಡಿಯವರಲ್ಲಿ ಹಳೆಯ ರೂಢಿ. ಬೆಂಗಳೂರಿನಲ್ಲಿ ಬಳಸಿದ ಒಂದು ಜೊತೆ ಸಿಕ್ಕಿತು. ಬಳಸಿದ ಶಾಕ್ ಕೊಳ್ಳುವಾಗ ಬಣ್ಣ ನೋಡಬೇಡಿ, ರಾಡು ನೋಡಿ. ಉಗುರನ್ನು ರಾಡಿನ ಉದ್ದಕ್ಕೂ ಎಳೆಯಿರಿ. ಕ್ರೋಮ್ ಮೇಲೆ ಉಗುರು ಎಲ್ಲಿಯಾದರೂ ತಡೆದರೆ ಅಲ್ಲಿ ಸೀಲು ಹರಿಯುವುದು ಖಂಡಿತ. ಎರಡೂ ತುದಿಯ ಬೋಲ್ಟ್ ತೂತಿನ ನಡುವಿನ ಉದ್ದ, ಬೋಲ್ಟಿನ ದಪ್ಪ, ಕಣ್ಣಿನ ಅಗಲ, ಈ ಮೂರನ್ನೂ ವರ್ನಿಯರ್‌ನಲ್ಲಿ ಹಳೆಯದರ ಜೊತೆ ಹೋಲಿಸಿ. ನಮ್ಮದಕ್ಕೆ ಬುಷ್ ಒಂದೆರಡನ್ನು ಲೇತ್‌ನಲ್ಲಿ ತಿರುವಿದೆ.

ಸೀಲು ಬದಲಿಸಲು ಬಿಚ್ಚುವುದಾದರೆ ಎಚ್ಚರ. ಇಂಥ ಶಾಕ್‌ನ ಪಕ್ಕದ ಸಣ್ಣ ಡಬ್ಬಿಯಲ್ಲಿ ನೈಟ್ರೋಜನ್ ತುಂಬಿರುತ್ತದೆ, ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಆಸುಪಾಸು. ಪಿಸ್ಟನ್ ಜೋರಾಗಿ ಓಡುವಾಗ ಎಣ್ಣೆ ನೊರೆಯಾಗದಂತೆ ಒತ್ತಿ ಹಿಡಿಯುವುದು ಆ ಗ್ಯಾಸೇ. ನೊರೆಯಾದ ಎಣ್ಣೆ ರಾಡನ್ನು ತಡೆಯುವುದಿಲ್ಲ. ಮೊದಲು ವಾಲ್ವಿನಿಂದ ಗ್ಯಾಸ್ ಪೂರ್ತಿ ಬಿಡಿ, ಕನ್ನಡಕ ಹಾಕಿಕೊಳ್ಳಿ, ಆಮೇಲೆ ಮುಚ್ಚಳ. ತುಂಬುವಾಗಲೂ ನೈಟ್ರೋಜನ್ನೇ ಆಗಬೇಕು. ವೆಲ್ಡಿಂಗ್ ಅಂಗಡಿಗಳಲ್ಲಿ ಆಕ್ಸಿಜನ್ ಸಿಲಿಂಡರ್ ಕೈಗೆಟುಕುವಂತೆ ನಿಂತಿರುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಒತ್ತಡದ ಆಕ್ಸಿಜನ್ನು ಎಣ್ಣೆಗೆ ಸೇರಿದರೆ ಸಿಡಿಯುತ್ತದೆ. ಎಂಥ ಅವಸರದಲ್ಲೂ ಅದನ್ನು ಶಾಕ್ ಹತ್ತಿರ ತರಬೇಡಿ.

ಕೂರಿಸುವಾಗ ಮೊದಲು ಸ್ಪ್ರಿಂಗ್ ಇಲ್ಲದ ಶಾಕ್ ಕಟ್ಟಿ ಚಕ್ರವನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಆಡಿಸಿ, ಹ್ಯಾಂಡಲನ್ನು ಎರಡೂ ಕಡೆ ತಿರುಗಿಸಿ. ಡಬ್ಬಿ ಫ್ರೇಮಿಗೆ ತಾಗುತ್ತದೆಯೇ, ಬ್ರೇಕ್ ಹೋಸ್ ಎಳೆಯುತ್ತದೆಯೇ, ಕೆಳಗಿಳಿದಾಗ ಬಾಲ್ ಜಾಯಿಂಟ್ ಕಚ್ಚಿಕೊಳ್ಳುತ್ತದೆಯೇ, ಎಲ್ಲ ಆಗಲೇ ಕಾಣುತ್ತದೆ. ಒಟ್ಟು ಟ್ರಾವೆಲನ್ನೂ ಹೊಸದಾಗಿ ಅಳೆದುಬಿಡಿ. ನಮಗೆ 220 ಬಂತು. ಶಾಕ್ ಜೊತೆ ಬಂದಿದ್ದ ಸ್ಪ್ರಿಂಗಿನಲ್ಲಿ ಸ್ಯಾಗ್ 96, ದಪ್ಪ ತಂತಿಯಲ್ಲಿ ಸುತ್ತಿಸಿದ ಸ್ಪ್ರಿಂಗು ಬಂದ ಮೇಲೆ 74. ಅವತ್ತು ಹುಡುಗನ ಮುಖ ನೋಡಬೇಕಿತ್ತು.

ಕ್ಲಿಕ್ಕರ್‌ಗಳನ್ನು, ಅಂದರೆ ಕಂಪ್ರೆಷನ್, ರಿಬೌಂಡ್ ತಿರುಗಿಸುವ ತಿರುಪುಗಳನ್ನು, ಯಾವಾಗಲೂ ಪೂರ್ತಿ ಮುಚ್ಚಿದ ಜಾಗದಿಂದ ಹೊರಕ್ಕೆ ಎಣಿಸಿ. ಮುಚ್ಚುವಾಗ ಬಲ ಹಾಕಬೇಡಿ, ಒಳಗಿನ ಸೂಜಿಯ ತುದಿ ಕೆಡುತ್ತದೆ. ಕಂಪ್ರೆಷನ್ ಎಂದರೆ ಶಾಕ್ ಒಳಗೆ ಹೋಗುವ ವೇಗಕ್ಕೆ ತಡೆ, ರಿಬೌಂಡ್ ಎಂದರೆ ವಾಪಸು ಬರುವ ವೇಗಕ್ಕೆ ತಡೆ. ಒಂದು ಸಲಕ್ಕೆ ಒಂದನ್ನೇ, ಎರಡೇ ಕ್ಲಿಕ್ ಬದಲಿಸಿ, ಅದೇ ದಾರಿಯಲ್ಲಿ ಓಡಿಸಿ. ನಮ್ಮ ಹೊಲದಲ್ಲಿ ಸುಮಾರು 600 ಮೀಟರಿನ ಒಂದು ಸುತ್ತು ಗೊತ್ತು ಮಾಡಿಕೊಂಡೆವು. ಮೊದಲು ಟ್ರ್ಯಾಕ್ಟರ್ ಜಾಡು, ಆಮೇಲೆ ಬದು, ಕೊನೆಗೆ ಹೊಂಗೆ ಮರ ಬಳಸುವ ಎಡ ತಿರುವು. ಶಾಕ್ ರಾಡಿಗೆ ಒಂದು ಕೇಬಲ್ ಟೈ ಸಡಿಲವಾಗಿ ಕಟ್ಟಿ ಸೀಲಿನವರೆಗೆ ತಳ್ಳಿಟ್ಟರೆ, ಸುತ್ತು ಮುಗಿದ ಮೇಲೆ ಅದು ನಿಂತ ಜಾಗ ನೋಡಿ ರಾಡು ಎಷ್ಟು ಒಳಗೆ ಹೋಗಿತ್ತು ಎಂದು ತಿಳಿಯುತ್ತದೆ.

ಬದು ಇಳಿದ ಕೂಡಲೇ ಮೂತಿ ಚಂಗನೆ ಮೇಲಕ್ಕೆ ಎದ್ದರೆ ರಿಬೌಂಡ್ ತಡೆ ಸಾಲದು, ಎರಡು ಕ್ಲಿಕ್ ಮುಚ್ಚಿ. ಇದರ ಉಲ್ಟಾ ತೊಂದರೆ ಗುರುತಿಸುವುದು ಕಷ್ಟ. ಸಾಲು ಸಾಲು ಉಬ್ಬುಗಳಲ್ಲಿ ಮೊದಲ ಎರಡು ಮೆತ್ತಗೆ, ಐದನೆಯದು ಕಲ್ಲಿನಂತೆ ಬಡಿಯುತ್ತದೆ. ರಿಬೌಂಡ್ ತುಂಬಾ ಬಿಗಿಯಾಗಿ, ಒಂದು ಉಬ್ಬಿಗೂ ಇನ್ನೊಂದಕ್ಕೂ ನಡುವೆ ಶಾಕ್ ವಾಪಸು ಬರಲು ಹೊತ್ತು ಸಿಗದೆ, ಗಾಡಿ ಹಂತ ಹಂತವಾಗಿ ಕುಗ್ಗುತ್ತಿರುತ್ತದೆ. ಇದನ್ನು ಸ್ಪ್ರಿಂಗ್ ಗಟ್ಟಿಯಾಯಿತು ಎಂದು ತಿಳಿದು ಕಂಪ್ರೆಷನ್ ಬಿಚ್ಚುತ್ತಾರೆ, ಕುಗ್ಗುವುದು ಇನ್ನೂ ಹೆಚ್ಚುತ್ತದೆ. ಎರಡು ದಿನ ನಾವೂ ಇದರಲ್ಲೇ ಸುತ್ತಿದೆವು. ಹುಡುಗ ನಾಲ್ಕನೇ ಉಬ್ಬಿನಿಂದ ಕೈ ನೋಯುತ್ತದೆ ಎಂದಾಗ ನನಗೆ ಹೊಳೆಯಿತು. ರಿಬೌಂಡ್ ಮೂರು ಕ್ಲಿಕ್ ಬಿಚ್ಚಿದೆವು, ಸರಿಹೋಯಿತು. ಕೇಬಲ್ ಟೈ ಪ್ರತಿ ಸುತ್ತಿಗೂ ರಾಡಿನ ತುದಿಗೇ ಹೋಗಿ ನಿಂತರೆ ಕಂಪ್ರೆಷನ್ ಎರಡು ಮುಚ್ಚಿ. ಸಣ್ಣ ಕಲ್ಲಿಗೂ ಹ್ಯಾಂಡಲ್ ನಡುಗಿದರೆ ಎರಡು ಬಿಚ್ಚಿ.

ಎತ್ತರ ಬದಲಾದ ಮೇಲೆ ಟೋ, ಅಂದರೆ ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎನ್ನುವುದನ್ನು, ನೋಡದೆ ಬಿಡಬೇಡಿ. ಓಡಿಸುವವರನ್ನು ಕೂರಿಸಿ, ಹ್ಯಾಂಡಲ್ ನೆಟ್ಟಗಿಟ್ಟು, ಎರಡು ಟೈರಿನ ನಡುಗೆರೆಗಳ ಅಂತರವನ್ನು ಆಕ್ಸಲ್ ಎತ್ತರದಲ್ಲಿ ಮುಂದೆ ಒಮ್ಮೆ ಹಿಂದೆ ಒಮ್ಮೆ ಅಳೆಯಿರಿ. ಮುಂದಿನದು ಕೆಲವು ಮಿಲಿಮೀಟರ್ ಕಡಿಮೆ ಇರಬೇಕು. ಹೆಚ್ಚಿದ್ದರೆ ಗಾಡಿ ನೇರ ದಾರಿಯಲ್ಲೂ ಅಲೆಯುತ್ತದೆ. ಎರಡೂ ಟೈ ರಾಡನ್ನು ಸಮನಾಗಿ ತಿರುಗಿಸಿ ಸರಿಮಾಡಿ, ಲಾಕ್ ನಟ್ ಬಿಗಿಯಿರಿ. ತೊಳೆಯುವಾಗ ಪ್ರೆಷರ್ ವಾಷರಿನ ನೀರನ್ನು ಸೀಲಿಗೆ ನೇರ ಹೊಡೆಯಬೇಡಿ, ರಾಡಿನ ಕೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸ ಸ್ಪ್ರಿಂಗು ಮೊದಲ ಕೆಲವು ಓಟದಲ್ಲಿ ಸ್ವಲ್ಪ ಕೂರುತ್ತದೆ. ನಮ್ಮದು ಎರಡು ವಾರಕ್ಕೆ 74ರಿಂದ 78ಕ್ಕೆ ಬಂತು, ಪ್ರೀಲೋಡ್ ಕಾಲರನ್ನು 2 ಮಿ.ಮೀ. ಬಿಗಿ ಮಾಡಿ ಮತ್ತೆ 74ಕ್ಕೆ ತಂದೆವು. ಅಂಗಡಿ ಗೋಡೆಯಲ್ಲಿ ಚಾಕ್‌ಪೀಸಿನಲ್ಲಿ ಬರೆದಿಟ್ಟಿದ್ದೇನೆ: ಸ್ಯಾಗ್ 74, ಕಂಪ್ರೆಷನ್ 8, ರಿಬೌಂಡ್ 11, ಗಾಳಿ 4. ಮುಂಭಾಗ ಎದ್ದ ಮೇಲೆ ಈಗ ಗಾಡಿ ಹಿಂದಕ್ಕೆ ಕೂತ ಹಾಗೆ ಕಾಣುತ್ತದೆ. ಭಾನುವಾರ ಹಿಂದಿನ ಶಾಕ್‌ನ ಸ್ಯಾಗ್ ಅಳೆಯಬೇಕು.