ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವನ್ನು ತಪಾಸಣೆಗೆ ಕರೆದೊಯ್ಯುವಾಗ

ನರಗಳ ಬೆಳವಣಿಗೆ ತೋರಿಸಲು ಹಾಸನಕ್ಕೆ ಬರುವವರೇ, ಮೊದಲು ಮಗುವಿನ ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ. ನನ್ನ ಮಗಳು 32 ವಾರಕ್ಕೇ ಹುಟ್ಟಿದವಳು, ಅಂದರೆ 40 ವಾರ ತುಂಬುವುದಕ್ಕೆ 8 ವಾರ (ಸುಮಾರು ಎರಡು ತಿಂಗಳು) ಮುಂಚೆ. ಹಾಗಾಗಿ 10 ತಿಂಗಳಾದಾಗ ಅವಳನ್ನು 8 ತಿಂಗಳ ಮಗು ಅಂತಲೇ ನೋಡಬೇಕು. ಎರಡು ವರ್ಷದವರೆಗೂ ಇದೇ ಲೆಕ್ಕ. 'ಇನ್ನೂ ಕೂರಲ್ವಾ?' ಅನ್ನುವ ನೆಂಟರಿಗೂ ಇದನ್ನೇ ಹೇಳಿ!

ಇನ್ನೊಂದು, ಡಾಕ್ಟರಿಗೆ ತೋರಿಸಲು ಮನೆಯಲ್ಲೇ ಮಗುವಿನ ವಿಡಿಯೋ ಮಾಡಿಕೊಳ್ಳಿ. ಸಕಲೇಶಪುರದಿಂದ ಬಸ್ಸಲ್ಲಿ ಬಂದು ಸರದಿಯಲ್ಲಿ ಕೂತರೆ ಮಗು ಅಳುತ್ತದೆ, ಇಲ್ಲಾ ನಿದ್ದೆ ಹೋಗುತ್ತದೆ. ಆಗ ಕೈಕಾಲಿನ ಬಿಗಿ, ಕತ್ತು ನಿಲ್ಲುವುದು, ಕಣ್ಣು ಗೊಂಬೆಯ ಹಿಂದೆ ಹೋಗುವುದು ಸರಿಯಾಗಿ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿ ಖುಷಿಯಾಗಿರುವಾಗ ಚಾಪೆ ಮೇಲೆ ಅಂಗಾತ ಮಲಗಿಸಿ, ಬಟ್ಟೆ ಕಡಿಮೆ ಮಾಡಿ, ಎರಡು ಮೂರು ನಿಮಿಷ ಸುಮ್ನೆ ಚಿತ್ರೀಕರಿಸಿ. ಗಿಲಕಿ ಆಡಿಸಬೇಡಿ. ನಮ್ಮವಳ ಎಡಗೈ ಮುಷ್ಟಿ ಬಿಚ್ಚದೇ ಇರುವುದು ನಮಗೆ ಕಂಡಿದ್ದೇ ವಿಡಿಯೋದಲ್ಲಿ. ವರ್ಷ ತುಂಬುವ ಮುಂಚೆ ಮಗು ಒಂದೇ ಕೈ ಬಳಸುತ್ತಿದ್ದರೆ 'ಎಡಚ ಇರಬೇಕು' ಅಂತ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಡಿಸ್ಚಾರ್ಜ್ ಕಾರ್ಡ್, ತಲೆಯ ಸ್ಕ್ಯಾನ್, ಕಣ್ಣು ಮತ್ತು ಕಿವಿ ಪರೀಕ್ಷೆಯ ಚೀಟಿ ಒಂದೇ ಫೈಲಿನಲ್ಲಿರಲಿ. ಖರ್ಚಿನ ಚಿಂತೆಯಿದ್ದರೆ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಯೋಜನೆಯ ಉಚಿತ ತಪಾಸಣೆ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.